ಅರ್ಧ ಗಂಟೆಯ ಅಡುಗೆಯ ಹಿಂದಿನ ಗಂಟೆಗಳು

ಮಗ, ಸೊಸೆ ಬೆಂಗಳೂರಿನ ಇನ್ನೊಂದು ತುದಿಯಲ್ಲಿ ಮನೆ ಮಾಡಿ ಇನ್ನೂ ವರ್ಷ ತುಂಬಿಲ್ಲ. ಇಬ್ಬರ ಕಚೇರಿಯೂ ಹೊರವರ್ತುಲ ರಸ್ತೆಯ ಮೇಲೆ. ಸಂಜೆ ಹೊರಟವರು ಮನೆ ಮುಟ್ಟುವಾಗ ಎಂಟು ಗಂಟೆ. ಮೊನ್ನೆ ಸೊಸೆ ಫೋನಿನಲ್ಲಿ ಕೇಳಿದಳು: “ಅತ್ತೆ, ಅರ್ಧ ಗಂಟೇಲಿ ಆಗ್ಬೇಕು, ಹೊಟ್ಟೆಗೂ ಹಿತವಾಗಿರ್ಬೇಕು. ಅಂಥ ರಾತ್ರಿ ಅಡುಗೆ ಒಂದಷ್ಟು ಬರೆದುಕೊಡಿ. ದಿನಾ ಹೊರಗಿಂದ ತರಿಸಿ ತರಿಸಿ ಸಾಕಾಗಿದೆ.”

ನನಗೆ ಖುಷಿಯಾಯಿತು. ಒಂದು ನೋಟ್‌ಬುಕ್ಕು ತೆಗೆದುಕೊಂಡು ಕೂತೆ. ಮೊದಲು ಬರೆದದ್ದು ಬಸ್ಸಾರು. ಮಂಡ್ಯ ಕಡೆಯವಳಿಗೆ ಬೇರೇನು ಹೊಳೆಯುತ್ತದೆ? ‘ನೆನೆಸಿದ ಕಾಳು ಒಂದು ಪಾವು, ಸೋಸಿದ ಸೊಪ್ಪು ಎರಡು ಕಟ್ಟು’ ಎಂದು ಬರೆಯುವಷ್ಟರಲ್ಲಿ ಕೈ ನಿಂತಿತು. ಕಾಳು ನೆನೆಸುವವರು ಯಾರು? ಸೊಪ್ಪು ಸೋಸುವವರು ಯಾರು? ಎಂಟು ಗಂಟೆಗೆ ಮನೆಗೆ ಬಂದ ಹುಡುಗಿ ಇವೆರಡನ್ನೂ ಮಾಡಲು ಹೊರಟರೆ ಒಲೆ ಹಚ್ಚುವುದೇ ಒಂಬತ್ತಕ್ಕೆ. ನನ್ನ ಅವ್ವ ಅದನ್ನು ಮುಕ್ಕಾಲು ಗಂಟೆಯಲ್ಲಿ, ಅದೂ ಸೌದೆ ಒಲೆಯ ಮೇಲೆ ಮಾಡಿ ಮುಗಿಸುತ್ತಿದ್ದದ್ದು ಹೇಗೆ ಎಂದು ಯೋಚಿಸುತ್ತ ಕೂತವಳಿಗೆ ಮದ್ದೂರಿನಿಂದ ಒಳಗಿನ ನಮ್ಮೂರು, ಆ ಮನೆ, ಎಪ್ಪತ್ತರ ದಶಕದ ಕೊನೆಯ ಆ ಸಂಜೆಗಳು ಒಂದೊಂದಾಗಿ ನೆನಪಾದವು.

ಅವ್ವ ಪ್ರಾಥಮಿಕ ಶಾಲೆಯ ಮೇಡಂ. ಪಕ್ಕದ ಊರಿನ ಶಾಲೆ ಮುಗಿಸಿ ಸಂಜೆಯ ಬಸ್ಸಿಗೆ ಬಂದು ಇಳಿಯುವಾಗ ದೀಪ ಹಚ್ಚುವ ಹೊತ್ತು. ಕೈಕಾಲು ತೊಳೆದು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ನೇರ ಒಲೆಯ ಮುಂದೆ ಕೂರುತ್ತಿದ್ದಳು. ಎರಡು ಒಲೆ. ಒಂದರ ಮೇಲೆ ಹಿಟ್ಟಿಗೆ ಎಸರು, ಇನ್ನೊಂದರ ಮೇಲೆ ಕಾಳು. ಕಾಳು ಮುಕ್ಕಾಲು ಬೆಂದಾಗ ಸೊಪ್ಪು ಹಾಕಿ ಇನ್ನೊಂದು ಕುದಿ ಬರಿಸಿ ತಪ್ಪಲೆಗೆ ಬಸಿಯುತ್ತಿದ್ದಳು. ಕೆಂಡದಲ್ಲಿ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಒಂದಿಷ್ಟು ಕಾಯಿ, ಖಾರದ ಪುಡಿ, ಹುಣಸೆ, ಜೊತೆಗೆ ಬೆಂದ ಕಾಳು–ಸೊಪ್ಪಿನದೇ ಒಂದು ಹಿಡಿ. ಇಷ್ಟನ್ನು ಅರೆದು ಕಟ್ಟಿಗೆ ಕದಡಿ ಕುದಿಸಿದರೆ ಸಾರು. ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಒಂದೇ ಬೇಯಿಸುವಿಕೆಯಲ್ಲಿ ಎರಡು ಅಡುಗೆ. ಬೇಯಿಸಿದ ನೀರು ಚೆಲ್ಲುವ ಮಾತೇ ಇಲ್ಲ. ನೀರಿನಲ್ಲಿ ಕರಗುವ ಜೀವಸತ್ವಗಳಲ್ಲಿ ಒಂದು ಪಾಲು ಸೊಪ್ಪಿನಿಂದ ಆ ಕಟ್ಟಿಗೆ ಇಳಿದಿರುತ್ತದೆ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಅಡುಗೆಯ ಆ ಕ್ರಮಕ್ಕೆ ಅದು ಎಂದೋ ದಕ್ಕಿತ್ತು.

ಅಷ್ಟರಲ್ಲಿ ಎಸರು ಕೊತಕೊತ ಅನ್ನುತ್ತಿತ್ತು. ರಾಗಿಹಿಟ್ಟನ್ನು ನಡುವೆ ಗುಡ್ಡೆಯಂತೆ ಸುರಿದು, ಕೋಲು ನಿಲ್ಲಿಸಿ, ಸುತ್ತಲಿಂದ ನೀರು ಉಕ್ಕಿ ಬೇಯಲು ಬಿಡುವುದು. ನಾನು ಅವಸರಪಡಿಸಿದರೆ, “ಹಿಟ್ಟು ಬೇಯ್ಲಿ ತಡಿ, ಆತುರ ಬಿದ್ರೆ ಗಂಟಾಯ್ತದೆ” ಅನ್ನುವಳು. ಆಮೇಲೆ ಪಾತ್ರೆ ಇಳಿಸಿ, ಕವೆಗೋಲಿನಿಂದ ಅದುಮಿ ಹಿಡಿದು ತೊಳಸುವಾಗ ಅವಳ ತೋಳಿನ ನರ ಎದ್ದು ಕಾಣುತ್ತಿತ್ತು. ನೀರು ಸವರಿದ ಹಲಗೆಯ ಮೇಲೆ ಮುದ್ದೆ ಉರುಳಿಸಿ, ಒಂದೊಂದೇ ತಟ್ಟೆಗೆ ಜಾರಿಸುವ ಹೊತ್ತಿಗೆ ಅಪ್ಪ ರೇಡಿಯೋ ವಾರ್ತೆ ಮುಗಿಸಿ ಬಂದು ಕೂತಿರುತ್ತಿದ್ದರು.

ಇಷ್ಟು ವರ್ಷ ನನ್ನ ನೆನಪಿನಲ್ಲಿ ಇದು ಅವ್ವನ ಕೈಚಳಕದ ಕತೆಯಾಗಿಯೇ ಇತ್ತು. ನೋಟ್‌ಬುಕ್ಕಿನ ಮುಂದೆ ಕೂತಾಗ ಹಿಂದಿನ ಸಾಲಿನಲ್ಲಿದ್ದ ಅಜ್ಜಿ ಕಾಣತೊಡಗಿದಳು.

ಬೆಳಗ್ಗೆ ಕಾಳು ನೆನೆಸಿಡುತ್ತಿದ್ದವಳು ಅಜ್ಜಿ. ಹುರುಳಿಯಾದರೆ ನೆನೆಸಿ, ಬಸಿದು, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಮೊಳಕೆ ಬರಿಸುತ್ತಿದ್ದವಳೂ ಅವಳೇ. ಮಧ್ಯಾಹ್ನ ನಾಲೆ ಏರಿ, ಹೊಲದ ಬದು ಸುತ್ತಿ ಬೆರಕೆ ಸೊಪ್ಪು ತರುತ್ತಿದ್ದಳು: ಅಣ್ಣೆ, ಹೊನಗನ್ನೆ, ಗಣಿಕೆ, ಎಳೆಯ ಕೀರೆ. ಜಗಲಿಯ ಮೇಲೆ ಕಾಲು ಚಾಚಿ ಕೂತು ಒಂದೊಂದೇ ಎಲೆ ನೋಡಿ ಸೋಸುತ್ತಿದ್ದಳು. ಉಪ್ಪುಸಾರಿನ ಖಾರವನ್ನು ನಾಲ್ಕೈದು ದಿನಕ್ಕೆ ಆಗುವಷ್ಟು ಒರಳಲ್ಲಿ ಅರೆದು ಕರಡಿಗೆಯಲ್ಲಿ ತುಂಬಿಡುತ್ತಿದ್ದಳು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಬೆಳೆಸಿದ ಇಂಡಾಫ್ ತಳಿ ಆ ಕಾಲಕ್ಕೆ ನಮ್ಮ ಕಡೆಯ ಹೊಲಗಳಿಗೆ ಬಂದಿತ್ತು. ಹೊಲದಲ್ಲಿ ಇಳುವರಿ ಹೆಚ್ಚಿತು. ಆ ರಾಗಿಯನ್ನು ಕೇರಿ, ಕಲ್ಲು ಆರಿಸಿ, ಮಿಲ್ಲಿಗೆ ಹೊತ್ತು, ಹಿಟ್ಟು ಮಾಡಿಸಿ ತರುವ ಕೆಲಸ ಮಾತ್ರ ಅಜ್ಜಿಯ ತಲೆಯ ಮೇಲೇ ಉಳಿಯಿತು.

ಅಂದರೆ ಅವ್ವನ ಮುಕ್ಕಾಲು ಗಂಟೆಯ ಬೆನ್ನಿಗೆ ಅಜ್ಜಿಯ ಇಡೀ ಹಗಲು ಇತ್ತು. ಅಜ್ಜಿ ಜಾರಿಬಿದ್ದು ಸೊಂಟ ಮುರಿದುಕೊಂಡ ವರ್ಷ ಅದು ನಮ್ಮ ಕಣ್ಣಿಗೆ ಬಿತ್ತು. ಅವ್ವ ನಸುಕಿನಲ್ಲೇ ಏಳತೊಡಗಿದಳು. ಕಾಳು ನೆನೆಸುವುದು, ಖಾರ ಅರೆಯುವುದು ಶಾಲೆಗೆ ಹೋಗುವ ಮುಂಚಿನ ಕೆಲಸವಾಯಿತು. ಸೊಪ್ಪು ಸೋಸುವುದು ನನ್ನ ಪಾಲಿಗೆ ಬಂತು. ಅಣ್ಣಂದಿರು ಮೈದಾನದಲ್ಲಿ ಚೆಂಡು ಹೊಡೆಯುವ ಸದ್ದು ಕೇಳುತ್ತ ನಾನು ಮೊರದ ಮುಂದೆ ಕೂರುತ್ತಿದ್ದೆ. ಅಣ್ಣಂದಿರು ಕೆಟ್ಟವರಲ್ಲ, ಅಪ್ಪನಂತೂ ಊರಿನಲ್ಲೇ ಮೆದು ಸ್ವಭಾವದವರೆಂದು ಹೆಸರಾದವರು. ಆದರೂ ಅಜ್ಜಿಯ ಕೆಲಸ ಹಂಚುವಾಗ ಅದು ಹೆಂಗಸರ ಕಡೆಗೇ ಹರಿಯಿತು. ಯಾರೂ ಹೇಳಿ ಹಂಚಿದ್ದಲ್ಲ, ಹೇಳಬೇಕಾದ ಅಗತ್ಯವೇ ಯಾರಿಗೂ ಕಾಣಲಿಲ್ಲ.

ಇನ್ನೊಂದು ಮಾತನ್ನೂ ನೇರವಾಗಿ ಹೇಳಬೇಕು. ಕಾಳು, ಸೊಪ್ಪು, ರಾಗಿ ಎಂದರೆ ಇಂದು ಆಹಾರತಜ್ಞರು ಕೈಯೆತ್ತಿ ತೋರಿಸುವ ಊಟ. ಆ ಊಟ ಮಾಡುತ್ತಿದ್ದ ಮನೆಯಲ್ಲೇ ಅವ್ವನಿಗೆ ರಕ್ತ ಕಡಿಮೆ ಎಂದು ಮದ್ದೂರಿನ ಡಾಕ್ಟರು ಹೇಳಿದ್ದರು. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವಳ ತಟ್ಟೆಗೆ ಪಲ್ಯ ತಳ ಕಂಡಿರುತ್ತಿತ್ತು, ಸಾರು ತೆಳ್ಳಗಾಗಿರುತ್ತಿತ್ತು, ಮುದ್ದೆ ತಣ್ಣಗೆ ಬಿಗಿದಿರುತ್ತಿತ್ತು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ಅಂದರೆ 2019–21ರದ್ದು, ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 48ರಷ್ಟು ಮಂದಿಗೆ ರಕ್ತಹೀನತೆ ಇದೆ ಎನ್ನುತ್ತದೆ. ರಕ್ತಹೀನತೆಗೆ ಕಾರಣ ಹಲವು. ಅದನ್ನು ಓದಿದಾಗ ನನ್ನ ಕಣ್ಣಿಗೆ ಕಟ್ಟಿದ್ದು ಮಾತ್ರ ಖಾಲಿಯಾದ ಆ ಪಲ್ಯದ ಪಾತ್ರೆ. ಒಲೆಯ ಮೇಲೆ ಬೆಂದದ್ದು ಪೌಷ್ಟಿಕವಾದರೆ ಸಾಲದು, ಅದು ಯಾರ ತಟ್ಟೆಗೆ ಎಷ್ಟು ಬಿತ್ತು ಎನ್ನುವುದೂ ಅಷ್ಟೇ ಮುಖ್ಯ.

ತೊಂಬತ್ತರ ದಶಕದ ಶುರುವಿನಲ್ಲಿ ನನಗೆ ಬೆಂಗಳೂರಿನಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು. ರಾಜಾಜಿನಗರದ ಒಂದು ಮನೆಯ ಹಿತ್ತಿಲಲ್ಲಿ ಶೀಟು ಹೊದೆಸಿದ ಕೋಣೆ, ಮೂವರು ಹುಡುಗಿಯರು, ಒಂದು ಬತ್ತಿ ಸ್ಟೋವ್. ಗ್ಯಾಸ್ ಸಂಪರ್ಕ ನಮ್ಮಂಥವರಿಗೆ ದೂರದ ಮಾತು. ಸೀಮೆಎಣ್ಣೆಗೆ ಪರದಾಟ. ಮೊದಮೊದಲು ಬನ್ನು, ಬಾಳೆಹಣ್ಣು, ಹೋಟೆಲಿನ ಅನ್ನ–ಸಾಂಬಾರು. ತಿಂಗಳ ಮಧ್ಯಕ್ಕೇ ದುಡ್ಡು ಕರಗಿ, ಹೊಟ್ಟೆಯೂ ಕೆಟ್ಟು, ಕೋಣೆಯಲ್ಲೇ ಬೇಯಿಸಿಕೊಳ್ಳುವುದೆಂದು ಮೂವರೂ ತೀರ್ಮಾನಿಸಿದೆವು. ಬೇಗ ಆಗುವ, ಮೈಗೆ ಒಗ್ಗುವ ರಾತ್ರಿಯ ಊಟಕ್ಕೆ ಕರ್ನಾಟಕದಲ್ಲೇ ಎಷ್ಟು ದಾರಿಗಳಿವೆ ಎಂದು ನಾನು ಕಲಿತದ್ದು ಆ ಒಂದು ಸ್ಟೋವಿನ ಮುಂದೆ.

ಒಬ್ಬಳು ವಿಜಯಪುರದ ಕಡೆಯವಳು. ಅವಳ ತಾಯಿ ಸುಟ್ಟು ಒಣಗಿಸಿದ ಜೋಳದ ಖಡಕ್ ರೊಟ್ಟಿಯ ಗಂಟನ್ನು ರಾತ್ರಿ ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸುತ್ತಿದ್ದರು. ಬೆಳಗ್ಗೆ ಮೆಜೆಸ್ಟಿಕ್ಕಿಗೆ ಹೋಗಿ ಬಿಡಿಸಿಕೊಂಡು ಬರುವುದು. ಜೊತೆಗೆ ಶೇಂಗಾ ಚಟ್ನಿಪುಡಿ, ಅಗಸಿ ಚಟ್ನಿಪುಡಿ, ಗುರೆಳ್ಳಿನದು. ಇಷ್ಟು ದಿನ ಇಟ್ಟರೆ ಕೆಡದೇ ಎಂದು ನಾನು ಅನುಮಾನಪಟ್ಟರೆ, “ತಿಂಗಳಾದ್ರೂ ಏನೂ ಆಗಂಗಿಲ್ಲ ತಗೋವಾ, ನೀ ಸುಮ್ಮ ಉಣ್ಣ” ಅನ್ನುತ್ತಿದ್ದಳು. ಎಣ್ಣೆ ಕಾಯಿಸಿ ಸಾಸಿವೆ, ಈರುಳ್ಳಿ, ಹಸಿಮೆಣಸಿನಕಾಯಿ ಬಾಡಿಸಿ, ನೀರಿನಲ್ಲಿ ಕದಡಿದ ಕಡಲೆಹಿಟ್ಟು ಸುರಿದು ತಿರುವಿದರೆ ಹತ್ತು ನಿಮಿಷದಲ್ಲಿ ಝುಣಕ. ಪಕ್ಕದಲ್ಲಿ ಹಸಿ ಮೆಂತ್ಯ ಸೊಪ್ಪಿಗೆ ಈರುಳ್ಳಿ, ಉಪ್ಪು, ಲಿಂಬೆಹುಳಿ, ಶೇಂಗಾಪುಡಿ ಕಲಸಿದ ಪಚಡಿ, ಮೂಲಂಗಿ, ಮೊಸರು. ಧಾನ್ಯ, ಬೇಳೆ, ಹಸಿ ಸೊಪ್ಪು ಮೂರೂ ಒಂದೇ ತಟ್ಟೆಯಲ್ಲಿ. ಸ್ಟೋವ್ ಉರಿದದ್ದು ಹದಿನೈದು ನಿಮಿಷವೂ ಇಲ್ಲ.

ಇನ್ನೊಬ್ಬಳು ಉಡುಪಿ ಕಡೆಯವಳು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಅವಳ ಪಾಳಿ ಮಧ್ಯಾಹ್ನಕ್ಕೆ ಮುಗಿದ ದಿನ ಗಂಜಿ. ಕುಚ್ಚಲಕ್ಕಿ ಬೇಯಲು ತುಂಬ ಹೊತ್ತು ಬೇಕು, ಅಷ್ಟು ಸೀಮೆಎಣ್ಣೆ ನಮ್ಮಲ್ಲಿರಲಿಲ್ಲ. ಅವಳು ಅಕ್ಕಿಯನ್ನು ಚೆನ್ನಾಗಿ ಕುದಿಸಿ, ಮುಚ್ಚಳ ಬಿಗಿದು, ಪಾತ್ರೆಗೆ ಹಳೆಯ ಕಂಬಳಿ ಸುತ್ತಿ ಮೂಲೆಯಲ್ಲಿಡುತ್ತಿದ್ದಳು. ಒಳಗಿನ ಬಿಸಿಗೇ ಅಕ್ಕಿ ಅರಳುತ್ತಿತ್ತು. ನಾವು ಬಂದ ಮೇಲೆ ಇನ್ನೊಂದು ಕುದಿ ಬರಿಸಿದರೆ ಗಂಜಿ ಸಿದ್ಧ, ಜೊತೆಗೆ ಹುರುಳಿ ಚಟ್ನಿ. ಹಳೆಯ ಬಕೆಟ್ಟಿನಲ್ಲಿ ಒಂದೆಲಗ ಬೆಳೆಸಿದ್ದಳು. ಹತ್ತಿಪ್ಪತ್ತು ಎಲೆ, ಒಂದು ಹಿಡಿ ಕಾಯಿತುರಿ, ಜೀರಿಗೆ, ನಾಲ್ಕು ಕಾಳುಮೆಣಸು ಅರೆದು ಮಜ್ಜಿಗೆಗೆ ಬೆರೆಸಿದರೆ ತಂಬುಳಿ. “ಇದಕ್ಕೆಲ್ಲ ಎಂತ ಸ್ಟೋವ್ ಹಚ್ಚುದು ಮಾರಾಯ್ತಿ” ಎಂದು ನಗುತ್ತಿದ್ದಳು. ಬೇಸಿಗೆಯ ರಾತ್ರಿಗಳಲ್ಲಿ ಅದಕ್ಕಿಂತ ತಂಪಾದ ಊಟವನ್ನು ನಾನು ಇಂದಿಗೂ ಕಂಡಿಲ್ಲ.

ನನ್ನ ಪಾಲಿನದು ಬಸ್ಸಾರು, ಉಪ್ಪುಸಾರು, ಮುದ್ದೆ. ಒರಳಿರಲಿಲ್ಲ, ಮನೆ ಮಾಲೀಕರ ಹೆಂಡತಿ ಭಾನುವಾರ ಮಿಕ್ಸಿ ಕೊಡುತ್ತಿದ್ದರು. ಬೆಳ್ಳುಳ್ಳಿ, ಒಣಮೆಣಸು, ಜೀರಿಗೆ, ಕಾಳುಮೆಣಸು, ಹುಣಸೆ, ಉಪ್ಪು ಅರೆದು ಬಾಟಲಿಗೆ ತುಂಬಿಟ್ಟರೆ ವಾರದ ಖಾರ. ಸಂಜೆ ಕಾಳು–ಸೊಪ್ಪು ಬೇಯಿಸಿ ಬಸಿದರಾಯಿತು.

ಆ ಕೋಣೆಯ ಗೋಡೆಯ ಮೇಲೆ ಒಂದು ಕ್ಯಾಲೆಂಡರ್ ತೂಗುತ್ತಿತ್ತು. ಅದರ ಮನೆಗಳಲ್ಲಿ ನಮ್ಮ ಹೆಸರಿನ ಮೊದಲ ಅಕ್ಷರಗಳು. ಬೆಳಗ್ಗೆ ಕಾಳು ನೆನೆಸುವವಳು ಒಬ್ಬಳು, ಬರುವಾಗ ಸೊಪ್ಪು ತಂದು ಸೋಸುವವಳು ಒಬ್ಬಳು, ಬೇಯಿಸುವವಳು ಒಬ್ಬಳು. ಬೇಯಿಸಿದವಳು ಪಾತ್ರೆ ತೊಳೆಯುವಂತಿಲ್ಲ. ಯಾವ ಪುಸ್ತಕ ಓದಿಯೂ ಮಾಡಿದ ನಿಯಮವಲ್ಲ. ಮೂವರೂ ದುಡಿದು ದಣಿದು ಬರುತ್ತಿದ್ದೆವು, ಮೂವರ ಸಂಬಳವೂ ಹೆಚ್ಚುಕಡಿಮೆ ಒಂದೇ, ಹಾಗಾಗಿ ಕೆಲಸವನ್ನೂ ಸಮನಾಗಿ ಹಂಚಿಕೊಳ್ಳುವುದು ಸಹಜವೆನಿಸಿತು. ಮೂವರೂ ನೆಲದ ಮೇಲೆ ಒಟ್ಟಿಗೆ ಕೂತು, ಪಲ್ಯದ ಪಾತ್ರೆ ನಡುವೆ ಇಟ್ಟುಕೊಂಡು ಉಣ್ಣುತ್ತಿದ್ದೆವು. ಹಿಟ್ಟು ತೊಳಸಿದ ಹೆಂಗಸು ಬಿಸಿ ಹಿಟ್ಟು ಉಂಡದ್ದನ್ನು ನಾನು ಮೊದಲ ಸಲ ನೋಡಿದ್ದು ಆ ಕೋಣೆಯಲ್ಲಿ. ಆ ಹೆಂಗಸು ನಾನೇ ಆಗಿದ್ದೆ.

ಆದರೂ ಆ ದಿನಗಳನ್ನು ಚಿನ್ನದ ಕಾಲ ಎಂದು ಹೊಗಳಲು ನನಗೆ ಮನಸ್ಸಾಗುವುದಿಲ್ಲ. ನಮ್ಮ ಹದಿನೈದು ನಿಮಿಷದ ರೊಟ್ಟಿಯೂಟದ ಹಿಂದೆ ವಿಜಯಪುರದ ಒಬ್ಬ ತಾಯಿ ಹಂಚಿನ ಮುಂದೆ ಕಳೆದ ಬೆಳಗುಗಳಿದ್ದವು. ಸ್ಟೋವಿನ ಹೊಗೆ ಕಣ್ಣು ಉರಿಸುತ್ತಿತ್ತು. ಮದುವೆಯಾದ ಮೇಲೆ ಆ ಕ್ಯಾಲೆಂಡರಿನ ಪಟ್ಟಿ ನನ್ನ ಜೊತೆ ಹೊಸ ಮನೆಗೆ ಬರಲೂ ಇಲ್ಲ. ಗ್ಯಾಸ್ ಬಂತು, ಕುಕ್ಕರ್, ಮಿಕ್ಸಿ, ಫ್ರಿಜ್ ಬಂದವು. ಕುಕ್ಕರಿನೊಳಗೆ ಒತ್ತಡಕ್ಕೆ ನೀರು 120 ಡಿಗ್ರಿಯ ಹತ್ತಿರ ಕಾಯುತ್ತದೆ, ಹುರುಳಿಯಂಥ ಗಟ್ಟಿ ಕಾಳೂ ಬೇಗ ಬೇಯುತ್ತದೆ. ಕೈಗೆ ಸುಲಭವಾಯಿತು. ನಾಳೆ ಏನು, ಮನೆಯಲ್ಲಿ ಏನಿದೆ, ಏನು ಮುಗಿದಿದೆ, ಯಾರಿಗೆ ಏನು ಸೇರುವುದಿಲ್ಲ ಎನ್ನುವ ಲೆಕ್ಕ ಮಾತ್ರ ನನ್ನ ತಲೆಯಲ್ಲೇ ಉಳಿಯಿತು. ನನ್ನ ಯಜಮಾನರು ಪಾತ್ರೆ ತೊಳೆದುಕೊಡುತ್ತಿದ್ದರು, ಅದು ದೊಡ್ಡ ಸಹಾಯವೇ. ಆದರೆ ಆ ಲೆಕ್ಕವನ್ನು ಹೊರಲು ಯಂತ್ರವೂ ಬರಲಿಲ್ಲ, ಜೊತೆಗಾರರೂ ಬರಲಿಲ್ಲ.

ಇದು ನನ್ನೊಬ್ಬಳ ಮಾತಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೆ ಕೊಡುತ್ತಾರೆ. ಅದೇ ಕೆಲಸಕ್ಕೆ ಕೈಹಚ್ಚುವ ಗಂಡಸರು ಕೊಡುವುದು 88 ನಿಮಿಷ. ನೆನೆದ ಕಾಳು, ಸೋಸಿದ ಸೊಪ್ಪು ಆ ವ್ಯತ್ಯಾಸದಲ್ಲೇ ಎಲ್ಲೋ ಇವೆ.

ಈಗ ಅಂಗಡಿಯಲ್ಲಿ ಮೊಳಕೆ ಕಾಳಿನ ಪೊಟ್ಟಣ ಸಿಗುತ್ತದೆ, ಸುಲಿದ ಬೆಳ್ಳುಳ್ಳಿ, ಬಿಡಿಸಿದ ಸೊಪ್ಪು, ತುರಿದ ಕಾಯಿ ಸಿಗುತ್ತವೆ. ಡಿಸೆಂಬರ್–ಜನವರಿಯಲ್ಲಿ ಸೊಗಡವರೆ ಬಂದಾಗ ಬೆಂಗಳೂರಿನ ಬೀದಿ ಬದಿಯಲ್ಲಿ ಹೆಂಗಸರು ಕೂತು ಹಿತಕಿದ ಬೇಳೆ ಮಾಡಿ ಮಾರುತ್ತಾರೆ. ಅವರ ಬೆರಳ ತುದಿ ನೆನೆದು ಸುಕ್ಕುಗಟ್ಟಿರುತ್ತದೆ. ಬಿಡುವಿಲ್ಲದವರು ಅದನ್ನು ಕೊಳ್ಳುವುದು ಸರಿಯೇ, ನಾನೂ ಕೊಳ್ಳುತ್ತೇನೆ. ಚೌಕಾಸಿ ಮಾತ್ರ ಮಾಡುವುದಿಲ್ಲ. ನಮ್ಮ ಒಂದು ಗಂಟೆಯನ್ನು ಇನ್ನೊಬ್ಬರು ಉಳಿಸಿಕೊಟ್ಟರೆ ಅದಕ್ಕೆ ಬೆಲೆ ಇರಬೇಕು.

ರಾಗಿಯ ಅದೃಷ್ಟವೂ ತಿರುಗಿದೆ. ನಾನು ಬೆಂಗಳೂರಿಗೆ ಬಂದಾಗ ಕಚೇರಿಯಲ್ಲಿ ಮುದ್ದೆಯ ಹೆಸರೆತ್ತಲು ಹಿಂಜರಿಯುವವರಿದ್ದರು. ಭಾರತದ ಪ್ರಸ್ತಾಪದ ಮೇಲೆ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಮೇಲಂತೂ ರಾಗಿ ಬಿಸ್ಕತ್ತು, ರಾಗಿ ನೂಡಲ್ಸು ಎಲ್ಲ ಕಡೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಹತ್ತೂ ಇಲ್ಲ. ಆದರೆ ಸಕ್ಕರೆ, ಮೈದಾ ಬೆರೆಸಿದ ಪೊಟ್ಟಣದ ಮೇಲೆ ರಾಗಿಯ ಚಿತ್ರ ಇದ್ದಮಾತ್ರಕ್ಕೆ ಅದು ಆರೋಗ್ಯದ ಊಟವಾಗುವುದಿಲ್ಲ. ನಮ್ಮೂರಿನ ತಟ್ಟೆಯನ್ನೂ ಹಾಗೇ ಎತ್ತಿ ತಂದು ಇಲ್ಲಿಡಲಾಗದು. ಅಲ್ಲಿ ಮುದ್ದೆ ದೊಡ್ಡದು, ಪಲ್ಯ ಒಂದು ಹಿಡಿ. ದಿನವಿಡೀ ಗದ್ದೆಯಲ್ಲಿ ಬಗ್ಗಿದವರಿಗೆ ಅದು ಸಲ್ಲುತ್ತಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ, ದಿನದ ಕ್ಯಾಲೊರಿಯಲ್ಲಿ ಧಾನ್ಯದ ಪಾಲು ಶೇ. 45 ಮೀರಬಾರದು ಎನ್ನುತ್ತದೆ. ಕುರ್ಚಿಯಲ್ಲಿ ಕೂತು ದುಡಿಯುವವರಿಗೆ ಮುದ್ದೆ ಚಿಕ್ಕದಾಗಲಿ, ಪಲ್ಯದ ಪಾಲು ಹಿಗ್ಗಲಿ.

ಸೊಸೆಗೆ ಕೊಟ್ಟ ನೋಟ್‌ಬುಕ್ಕಿನಲ್ಲಿ ಇದನ್ನೆಲ್ಲ ಬರೆಯಲಿಲ್ಲ. ಅದನ್ನು ಕೊಟ್ಟದ್ದೂ ಅವಳೊಬ್ಬಳಿಗಲ್ಲ. ಮೊದಲ ಪುಟಕ್ಕೆ ಭಾನುವಾರದ ಕೆಲಸ, ಇಬ್ಬರೂ ಕೂಡಿ: ಹೆಸರು, ಹುರುಳಿ, ಅಲಸಂದೆ ನೆನೆಸಿ ಮೊಳಕೆ ಬರಿಸಿ ಫ್ರಿಜ್ಜಿನಲ್ಲಿಡುವುದು, ಸೊಪ್ಪು ಸೋಸಿ ಒಣ ಬಟ್ಟೆಯಲ್ಲಿ ಸುತ್ತಿಡುವುದು, ಉಪ್ಪುಸಾರಿನ ಖಾರ ಒಂದು ಬಾಟಲಿ. ಆಮೇಲೆ ವಾರ. ಒಂದು ರಾತ್ರಿ ಮೊಳಕೆ ಹೆಸರು, ದಂಟಿನ ಸೊಪ್ಪಿನ ಉಪ್ಪುಸಾರು: ಕುಕ್ಕರಿನಲ್ಲಿ ಒಂದು ಕೂಗು, ಅದು ಇಳಿಯುವಷ್ಟರಲ್ಲಿ ಇಬ್ಬರಿಗೆ ಮುದ್ದೆ. ಇನ್ನೊಂದು ರಾತ್ರಿ ಕೊಂಡ ಜೋಳದ ರೊಟ್ಟಿ, ಝುಣಕ, ಹಸಿ ಪಚಡಿ. ಮತ್ತೊಂದು ದಿನ ಅನ್ನ, ತಂಬುಳಿ, ಹುರುಳಿಕಾಳಿನ ಪಲ್ಯ. ನುಗ್ಗೆಸೊಪ್ಪು ಸಿಕ್ಕ ದಿನ ತೊಗರಿಬೇಳೆ ಹಾಕಿ ಮಸ್ಸೊಪ್ಪು. ಒಂದು ದಿನ ಮೊಟ್ಟೆ. ಏನೂ ಬೇಡವೆನಿಸಿದ ರಾತ್ರಿ ಮೊಸರನ್ನ, ಸೌತೆಕಾಯಿ ಕೋಸಂಬರಿ. ಪ್ರತಿ ಅಡುಗೆಯ ಪಕ್ಕದಲ್ಲೂ ಎರಡು ಖಾಲಿ ಜಾಗ ಬಿಟ್ಟೆ: ಹಿಂದಿನ ಕೆಲಸ ಯಾರದು, ಒಲೆಯ ಕೆಲಸ ಯಾರದು. ಅದನ್ನು ಅವರೇ ತುಂಬಬೇಕು.

ಮಗನಿಗೆ ಹಿಟ್ಟು ತೊಳಸುವುದನ್ನು ನಾನೇ ನಿಂತು ಹೇಳಿಕೊಟ್ಟೆ. ಎಸರು ಕುದಿಯುವ ಮುಂಚೆ ಹಿಟ್ಟು ಸುರಿಯಬಾರದು, ಸುರಿದ ಮೇಲೆ ಕೆಲವು ನಿಮಿಷ ಕೈಹಾಕಬಾರದು, ಒದ್ದೆ ಬೆರಳಲ್ಲಿ ಮುಟ್ಟಿದರೆ ಅಂಟದಿದ್ದಾಗ ಬೆಂದಿದೆ ಎಂದು ಅರ್ಥ. ಅವನ ತೋಳಿನಲ್ಲಿ ಬಲವಿದೆ, ಬೇಗ ಕಲಿತ. ಅವ್ವ ಬದುಕಿದ್ದರೆ ಮೊಮ್ಮಗ ಹಿಟ್ಟು ತೊಳಸುವುದನ್ನು ಕಂಡು ಏನೆನ್ನುತ್ತಿದ್ದಳೋ. ಅವನನ್ನು ಪಕ್ಕಕ್ಕೆ ಸರಿಸಿ ಕೋಲು ಕಸಿದುಕೊಳ್ಳುತ್ತಿದ್ದಳೆಂದೇ ನನಗನಿಸುತ್ತದೆ. ಅವಳ ಪ್ರೀತಿ ಇದ್ದದ್ದೇ ಹಾಗೆ.

ಆ ಪ್ರೀತಿಯ ಋಣ ನನ್ನ ಮೇಲಿದೆ. ಅದನ್ನು ತೀರಿಸಲು ಅವಳ ಹಾಗೆಯೇ ಬದುಕಿ ಎಂದು ಮುಂದಿನವರಿಗೆ ಹೇಳಲಾರೆ. ಅವಳ ಬಸ್ಸಾರು ಬೇಕು, ಅವಳ ಒಂಟಿ ನಸುಕು ಬೇಡ. ಬೇಗ ಆಗುವ ಒಳ್ಳೆಯ ಊಟಕ್ಕೆ ಬೇಕಾದ ಕಾಳು, ಸೊಪ್ಪು, ಹಿಟ್ಟು, ಮಜ್ಜಿಗೆ ಎಲ್ಲ ನಮ್ಮಲ್ಲಿ ಎಂದಿನಿಂದಲೂ ಇವೆ, ದುಬಾರಿಯೂ ಅಲ್ಲ. ಮಕ್ಕಳಿಗೆ ಮನೆ ಕಟ್ಟಿಕೊಡುವ ತಂದೆತಾಯಿಗಳಿಗೆ ನನ್ನದೊಂದು ಮಾತು: ಪಾತ್ರೆಪಡಗದ ಜೊತೆಗೆ ಈ ಹಂಚಿಕೆಯನ್ನೂ ಕಲಿಸಿ ಕಳಿಸಿ, ಮಗಳಿಗೆ ಕಲಿಸಿದಷ್ಟೇ ಮಗನಿಗೂ. ರಾತ್ರಿ ಮಲಗುವ ಮುಂಚೆ ನಾಳೆಯ ಕಾಳು ನೆನೆಸುವುದು ಎರಡು ನಿಮಿಷದ ಕೆಲಸ, ಮನೆಯಲ್ಲಿ ಯಾರು ಬೇಕಾದರೂ ಮಾಡಬಹುದು.